ಹಿಮವಾಹನ-ಕ್ಲಚ್-ಸ್ತಂಭನ ಮೀಮಾಂಸೆ

ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕು. ಇಲ್ಲಿ ವಿಷಯ: ಸ್ನೋಮೊಬೈಲಿನ ಕಚ್ಚಿಕೊಂಡ ಕ್ಲಚ್ಚು. ಪ್ರಯೋಜನ: ಕತ್ತಲಾಗುವ ಮೊದಲು ಮನೆ ಸೇರುವುದು. ಸಂಬಂಧ: ಎಂಜಿನ್ನಿಗೂ ಟ್ರ್ಯಾಕಿಗೂ ನಡುವೆ ಸುತ್ತುವ ರಬ್ಬರ್ ಬೆಲ್ಟು. ಅಧಿಕಾರಿ: ಕ್ವಿಬೆಕ್ಕಿನಲ್ಲೋ ಮಿನೆಸೋಟಾದಲ್ಲೋ ಮೊಣಕಾಲುದ್ದ ಹಿಮದಲ್ಲಿ ನಿಂತು, ಕೈಗವಸು ಕಳಚಿ, ಎಂಜಿನ್ನಿನ ಮುಚ್ಚಳ ಎತ್ತಿದವನು.

ಮೊದಲು ಪರಂಪರೆಯ ಸ್ಮರಣೆ. ಕ್ವಿಬೆಕ್ಕಿನ ವಾಲ್‌ಕೂರ್ ಊರಿನ ಜೋಸೆಫ್-ಅರ್ಮಾನ್ ಬೊಂಬಾರ್ಡಿಯೇ 1959ರಲ್ಲಿ ಸ್ಕಿ-ಡೂ ಎಂಬ ಸ್ನೋಮೊಬೈಲ್ ಹೊರತಂದು ಈ ಸಂಪ್ರದಾಯದ ದೊಡ್ಡ ಮಠ ಕಟ್ಟಿದ. ಗೇರಿನ ಬದಲು ಬೆಲ್ಟು ಎಂಬ ತತ್ತ್ವವನ್ನು ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಕಾರಿಗೆ ಅಳವಡಿಸಿತ್ತು. ಆ ಕಾರು ಮುಂದಕ್ಕೆ ಓಡುವಷ್ಟೇ ವೇಗವಾಗಿ ಹಿಂದಕ್ಕೂ ಓಡುತ್ತಿದ್ದುದರಿಂದ ಡಚ್ಚರು ಹಿಮ್ಮುಖ ರೇಸನ್ನೂ ನಡೆಸಿ ಆನಂದಿಸಿದರು. ಗೇರಿಲ್ಲದ ಸ್ಕೂಟರ್ ಓಡಿಸುವ ಬೆಂಗಳೂರಿಗರೂ ತಮಗರಿವಿಲ್ಲದೆ ಇದೇ ಮತಕ್ಕೆ ಸೇರಿದವರು.

ಈಗ ವಸ್ತುಸ್ವರೂಪ. ಎಂಜಿನ್ನಿನ ಬದಿಯ ಪ್ರೈಮರಿ ಕ್ಲಚ್ಚಿನಲ್ಲಿ ಎರಡು ತಟ್ಟೆಗಳು: ಒಂದು ಅಚಲ, ಇನ್ನೊಂದು ಚಲ. ಎಂಜಿನ್ ನಿಮಿಷಕ್ಕೆ 3000-4000 ಸುತ್ತಿನ ಆಸುಪಾಸು ಮುಟ್ಟಿದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಬೀಸಿ ರೋಲರುಗಳನ್ನು ಒತ್ತುತ್ತವೆ. ಸ್ಪ್ರಿಂಗು ಸೋಲುತ್ತದೆ, ಚಲ ತಟ್ಟೆ ಸರಿದು ಬೆಲ್ಟನ್ನು ಹಿಡಿಯುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸ್ಪ್ರಿಂಗು ಗೆದ್ದು ತಟ್ಟೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಅದೇ ಸ್ತಂಭನ. ಆಗ ಗಾಡಿ ಐಡಲಿಂಗಿನಲ್ಲೂ ತೆವಳುತ್ತದೆ, ಹೊರಡುವಾಗ ಗುದ್ದುತ್ತದೆ, ನಿಂತು ಹೊರಟರೆ ಉಸಿರುಗಟ್ಟಿದಂತೆ ಒದ್ದಾಡುತ್ತದೆ.

ಇನ್ನು ಪೂರ್ವಪಕ್ಷಗಳು. ಕಾರ್ಬ್ಯುರೇಟರ್‌ವಾದಿಗಳ ಪ್ರಕಾರ ಸಕಲ ದುಃಖಕ್ಕೂ ಪೆಟ್ರೋಲೇ ಮೂಲ. ಇದು ಅಸಿದ್ಧ, ಎಂಜಿನ್ ನೆಟ್ಟಗೆ ಮೊರೆಯುತ್ತಿದ್ದರೂ ತಟ್ಟೆ ಅಲುಗುತ್ತಿಲ್ಲ. ಬೆಲ್ಟ್‌ವಾದಿಗಳು ಹೊಸ ಬೆಲ್ಟು ಹಾಕಿ ಮೋಕ್ಷ ಸಿಕ್ಕಿತೆಂದು ಹೊರಡುತ್ತಾರೆ. ಓರೆ ತಟ್ಟೆ ಅದನ್ನೂ ತಿಂದುಹಾಕುತ್ತದೆ. ಗ್ರೀಸ್ ಬಳಿಯುವ ಪಂಥದವರದ್ದು ಶುದ್ಧ ನಾಸ್ತಿಕತೆ. ಗ್ರೀಸಿಗೆ ಬೆಲ್ಟಿನ ಕರಿಪುಡಿ ಅಂಟಿ ಮುದ್ದೆಯಾಗುತ್ತದೆ, ಬೆಲ್ಟಿಗೆ ತಗುಲಿದರೆ ಜಾರುತ್ತದೆ. ಹೀಗಾಗಿ ರೋಗಕ್ಕಿಂತ ಮದ್ದೇ ಹೆಚ್ಚು ಕಚ್ಚಿಕೊಳ್ಳುತ್ತದೆ.

ಸಿದ್ಧಾಂತ: ಅಪರಾಧಿ ಬುಶ್ಶು.

ಚಲ ತಟ್ಟೆ ಶಾಫ್ಟಿನ ಮೇಲೆ ಜಾರುವುದು ಈ ಬಳೆಯಂಥ ಬುಶ್ಶಿನ ಆಧಾರದಿಂದ. ಅದು ಸವೆದರೆ ತಟ್ಟೆ ಓರೆಯಾಗುತ್ತದೆ. ಹಳೇ ಮೇಜಿನ ಡ್ರಾಯರನ್ನು ಒಂದೇ ಬದಿ ಹಿಡಿದೆಳೆದರೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುವಂತೆ ಸಿಕ್ಕಿಕೊಳ್ಳುತ್ತದೆ. ಒಂದು ಬದಿ ಚಪ್ಪಟೆಯಾದ ರೋಲರು, ಗೀರುಬಿದ್ದ ಪಿನ್ನು, ತೆಳ್ಳಗಾದ ಪ್ಲಾಸ್ಟಿಕ್ ಬಟನ್ನು ಇವೆಲ್ಲ ಸಹ-ಆರೋಪಿಗಳು. ಬೆಲ್ಟಿನ ಇನ್ನೊಂದು ತುದಿಯ ಸೆಕೆಂಡರಿ ಕ್ಲಚ್ಚಿನ ಬಟನ್ನು ಸವೆದರೆ ಅದೂ ಹಿಂದಕ್ಕೆ ಬಾರದೆ ಹಟ ಹಿಡಿಯುತ್ತದೆ.

ಪ್ರಮಾಣಗಳು ಮೂರು. ಪ್ರತ್ಯಕ್ಷ: ಎಂಜಿನ್ ನಿಲ್ಲಿಸಿ, ಬೆಲ್ಟು ತೆಗೆದು, ಚಲ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ‘ಟಕ್ ಟಕ್’ ಎಂದು ಬುಶ್ಶೇ ಸಾಕ್ಷಿ ನುಡಿಯುತ್ತದೆ. ರೋಲರಿನ ಸುತ್ತ ಬೆರಳಾಡಿಸಿದರೆ ಚಪ್ಪಟೆ ಜಾಗಕ್ಕೆ ಉಗುರು ಎಡವುತ್ತದೆ. ಅನುಮಾನ: ಕ್ಲಚ್ಚಿನ ಗೂಡಿನಲ್ಲಿ ಕರಿಪುಡಿ ರಾಶಿಬಿದ್ದಿದ್ದರೆ ಬೆಲ್ಟು ಎಲ್ಲೋ ಉಜ್ಜುತ್ತಿದೆ. ಶಬ್ದ: ತಯಾರಕರ ಕೈಪಿಡಿಯಲ್ಲಿ ಅಚ್ಚಾದ ಸವೆತದ ಮಿತಿ.

ಪ್ರಾಯಶ್ಚಿತ್ತವೂ ವಿಹಿತವಾಗಿದೆ. ಕ್ಲಚ್ಚಿನ ಮುಚ್ಚಳ ಬಿಚ್ಚುವ ಮುನ್ನ ಭಾಗಗಳ ಮೇಲೆ ಗುರುತು ಹಾಕಬೇಕು. ಅದಲುಬದಲಾದರೆ ಸಮತೋಲ ಕೆಟ್ಟು ಕಂಪನ ಹುಟ್ಟುತ್ತದೆ. ಒತ್ತಿಕೊಂಡ ಸ್ಪ್ರಿಂಗು ಮುಖಕ್ಕೆ ಸಿಡಿಯದಂತೆ ಹುಷಾರಾಗಿರಬೇಕು. ಕ್ಲಚ್ಚನ್ನು ಶಾಫ್ಟಿನಿಂದ ಕೀಳಲು ಅದರದ್ದೇ ಪುಲ್ಲರ್ ಬೇಕು, ಸುತ್ತಿಗೆ ನಿಷಿದ್ಧ. ಬ್ರೇಕ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಸವೆದದ್ದನ್ನು ಬದಲಿಸಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಬೆಲ್ಟಿಲ್ಲದೆ ಎಂಜಿನ್ ಓಡಿಸಿ ‘ನೋಡೋಣ’ ಎನ್ನುವ ಪ್ರಯೋಗಶೀಲರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ತಡೆಯುವ ಭಾರವಿಲ್ಲದೆ ಮಿತಿಮೀರಿ ಸುತ್ತಿದ ಕ್ಲಚ್ಚು ಒಡೆದು ಚೂರಾಗಬಹುದು.

ಆದುದರಿಂದ ಸ್ನೋಮೊಬೈಲಿಗರಲ್ಲಿ ವಿನಂತಿ: ಹೊಸ ಬೆಲ್ಟಿಗೆ ದುಡ್ಡು ಎಣಿಸುವ ಮೊದಲು ಹಳೇ ಬುಶ್ಶನ್ನು ಒಮ್ಮೆ ಅಲ್ಲಾಡಿಸಿ ನೋಡಿ.