ಆಗ್ಲೇ ಹೇಳಿದ್ನಲ್ಲ!

ನಮ್ಮ ಸೋದರಮಾವನ ಮಟ್ಟಿಗೆ ಆಟದಲ್ಲಿ ಅನಿರೀಕ್ಷಿತ ಅನ್ನುವುದೇ ಇಲ್ಲ. ಯಾವುದಾದರೂ ದೊಡ್ಡ ತಂಡ ಮಣ್ಣುಮುಕ್ಕಿ ಊರೆಲ್ಲ ಬಾಯಿಬಿಟ್ಟುಕೊಂಡು ಕೂತಿರುವಾಗ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಅವರದೊಂದು ಸಾಲು ಬಂದು ಬೀಳುತ್ತದೆ: ‘ಆಗ್ಲೇ ಹೇಳಿದ್ನಲ್ಲ!’ ಯಾವಾಗ, ಯಾರಿಗೆ ಅಂತ ಕೇಳಿದರೆ, ‘ನೀನು ಆಗ ಫೋನ್ ನೋಡ್ತಿದ್ದೆ ಕಣಪ್ಪ’ ಅನ್ನುತ್ತಾರೆ. ಅದು ಮಾತ್ರ ನಿಜವಿರುತ್ತದೆ.

2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನವನ್ನು 2–1ರಿಂದ ಕೆಡವಿತಲ್ಲ, 36 ಪಂದ್ಯ ಸೋಲೇ ಕಾಣದೆ ಬಂದಿದ್ದ ತಂಡ ಅದು. ಮೊದಲರ್ಧದಲ್ಲೇ ಮೂರು ಗೋಲು ಆಫ್‌ಸೈಡ್ ಆಗಿ ಹೋದವು. ಸಂಜೆ ‘ಆಫ್‌ಸೈಡ್ ಅಂದ್ರೆ ಯಾವ ಸೈಡೋ?’ ಎಂದು ನನ್ನನ್ನೇ ಕೇಳಿದ್ದ ಮಾವ, ರಾತ್ರಿ ಊಟದ ಹೊತ್ತಿಗೆ ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಿಗಳನ್ನು ಸಾಲಾಗಿ ಮುಂದೆ ತಳ್ಳಿ ಸೌದಿಯವರ ಡಿಫೆನ್ಸ್ ವಿವರಿಸುತ್ತಿದ್ದರು. ತುಪ್ಪದ ಗಿಂಡಿ ಮೆಸ್ಸಿ. ಅದು ಡಬ್ಬಿಗಳಾಚೆ ಸಿಕ್ಕಿಕೊಂಡಿದ್ದರಿಂದ ಆ ರಾತ್ರಿ ನಮಗ್ಯಾರಿಗೂ ತುಪ್ಪ ಸಿಗಲಿಲ್ಲ.

2024ರಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕ ಸೂಪರ್ ಓವರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ಆ ಓವರ್ ಹಾಕಿದ ಸೌರಭ್ ನೇತ್ರವಲ್ಕರ್ ಒರಾಕಲ್‌ನಲ್ಲಿ ಎಂಜಿನಿಯರ್ ಎಂದು ಗೊತ್ತಾದದ್ದೇ ತಡ, ಮಾವ ಬರೆದರು: ‘ಸಾಫ್ಟ್‌ವೇರ್‌ನೋರಿಗೆ ಡೆಡ್‌ಲೈನ್ ಹೊಸದೇ? ಆಗ್ಲೇ ಹೇಳಿದ್ನಲ್ಲ!’ ಅವರ ಮಗನೂ ಸಾಫ್ಟ್‌ವೇರೇ. ಮೇಲಿನಿಂದ ಎಸೆದ ಬೀಗದ ಕೈ ಕೂಡ ಹಿಡಿಯಲಾರ.

ವಾಟ್ಸ್ಯಾಪ್‌ನವರು ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಕರ್ಯ ಕೊಟ್ಟದ್ದು 2017ರಲ್ಲಿ. ಅಲ್ಲಿಂದೀಚೆಗೆ ಮಾವನ ಭವಿಷ್ಯ ಒಂದೂ ತಪ್ಪಿಲ್ಲ.

ಆದರೆ 2023ರ ನವೆಂಬರ್ 19 ಇದೆಯಲ್ಲ, ಆವತ್ತು ಸ್ವಲ್ಪ ಎಡವಟ್ಟಾಯಿತು. ಭಾರತ ಹತ್ತಕ್ಕೆ ಹತ್ತೂ ಗೆದ್ದು ಅಹಮದಾಬಾದಿನ ಫೈನಲ್ಲಿಗೆ ಬಂದಿತ್ತು. ‘ಕಪ್ ಗ್ಯಾರಂಟಿ, ಮಧ್ಯಾಹ್ನ ಎಲ್ಲರೂ ಹೋಳಿಗೆಗೆ ಬನ್ನಿ’ ಎಂದು ಬೆಳಿಗ್ಗೆಯೇ ಮಾವನ ಸಂದೇಶ, ಹಿಂದೆ ಒಂದು ಸಾಲು ಪಟಾಕಿ. ಹೋದೆವು. ನಮ್ಮವರು 240ಕ್ಕೆ ಮುಗಿದರು. ಟ್ರಾವಿಸ್ ಹೆಡ್ ನೂರು ದಾಟುವ ಹೊತ್ತಿಗೆ ಮಾವ ಬಾತ್‌ರೂಮಿಗೆ ಎದ್ದುಹೋದರು. ಎರಡು ನಿಮಿಷ ಕಳೆದಿಲ್ಲ, ಗುಂಪಿನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’. ಅದರ ಕೆಳಗೇ ‘ಪಿಚ್ ನೋಡಿದಾಗ್ಲೇ ಹೇಳಿದ್ನಲ್ಲ!’

ಅತ್ತೆ ಫೋನ್ ನೋಡಿದರು, ಒಲೆಯ ಪಕ್ಕದ ಪಾತ್ರೆ ನೋಡಿದರು. ‘ಮೆಸೇಜು ಅಳಿಸಿಬಿಟ್ರಿ. ಈ ಹೂರಣ ಏನ್ಮಾಡ್ಲಿ?’

ಪಾಪ, ಮಾವ ಮೊದಲೇ ಹೇಳಿ ನಿಜವೂ ಆಗುತ್ತಿದ್ದ ಭವಿಷ್ಯ ಒಂದೇ ಒಂದಿತ್ತು, ಅದನ್ನು ಹೇಳದೆ ಹೋದರೆ ಅನ್ಯಾಯ. ಪ್ರತಿ ಐಪಿಎಲ್‌ನಲ್ಲಿ ನಾವು ‘ಈ ಸಲ ಕಪ್ ನಮ್ದೇ’ ಅಂದರೆ ಅವರು ‘ಈ ಸಲಾನೂ ಇಲ್ಲ’ ಅನ್ನುತ್ತಿದ್ದರು. 2008ರಿಂದ ವರ್ಷ ತಪ್ಪಿದ್ದಿಲ್ಲ, ಆರ್‌ಸಿಬಿಯೂ ಅವರ ಮಾತು ತಪ್ಪಿಸಿದ್ದಿಲ್ಲ. 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಅವರನ್ನು ಕೊಂಚ ಹೆದರಿಸಿತ್ತು, ಅಷ್ಟೇ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿತು. ಗುಂಪಿನಲ್ಲಿ ಹೂವು, ಕಣ್ಣೀರು, ಕುಣಿತ. ಮಾವನ ಸದ್ದಿಲ್ಲ. ‘ಯಾಕ್ ಮಾವ, ಇವತ್ತೇನೂ ಹೇಳ್ಲಿಲ್ಲ?’ ಎಂದು ನಾನೇ ಕೆಣಕಿದೆ. ಟೈಪ್ ಮಾಡತೊಡಗಿದರು, ನಿಲ್ಲಿಸಿದರು, ಮತ್ತೆ ಶುರುಮಾಡಿದರು. ಹನ್ನೆರಡರ ಮೇಲೆ ಬಂತು:

‘ಹದಿನೇಳು ಸಲ ಗೆಲ್ಲಲ್ಲ ಅಂದಿದ್ದೆ. ಹದಿನೇಳೂ ಸರಿಯಾಯ್ತೋ ಇಲ್ವೋ?’

ಅದರ ಕೆಳಗೆ ಅತ್ತೆ ಏನೂ ಬರೆಯದೆ ಒಂದು ಫೋಟೊ ಹಾಕಿದರು. ಪಾತ್ರೆ ತುಂಬ ಹೂರಣ, ಮೂಲೆಯಲ್ಲಿ 19-11-2023 ಎಂಬ ತಾರೀಖು.