ಮೂರು ಸಾಲಿನ ಸುದ್ದಿ, ಮೂರು ದಿನದ ಟಬ್ಬು

ಕುವೈತ್‌ನಲ್ಲಿ ಫೆಬ್ರವರಿ 25 ರಾಷ್ಟ್ರೀಯ ದಿನ, 26 ವಿಮೋಚನಾ ದಿನ. ಆಗೆಲ್ಲ ಕುವೈತ್ ನಗರದ ಶರ್ಕ್ ಬಡಾವಣೆಯ ನಾವು ಆ ಎರಡು ದಿನ ಬೀದಿಗಿಳಿದರೆ ಒಣಗಿದ ಅಂಗಿಯಲ್ಲಿ ಮನೆಗೆ ಬರುವ ಆಸೆ ಬಿಡಬೇಕಿತ್ತು. ಗಲ್ಫ್ ಸ್ಟ್ರೀಟಿನುದ್ದಕ್ಕೂ ಮಕ್ಕಳು ನೀರಿನ ಪಿಸ್ತೂಲು, ನೊರೆಯ ಡಬ್ಬಿ ಹಿಡಿದು ಕಾಯುತ್ತಿರುತ್ತಿದ್ದರು. ಹಾಗಾಗಿ 2018ರಲ್ಲಿ ಜಾಣರೆಲ್ಲ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಕೂತರು. ಅಲ್ಲಿ ಇನ್ನೂ ಹೆಚ್ಚು ನೀರಿತ್ತು. ಸಂಬಂಧಿಕರ ಮದುವೆಗೆಂದು ಎಮಿರೇಟ್ಸ್‌ಗೆ ಬಂದಿದ್ದ ನಟಿ ಶ್ರೀದೇವಿ 24ರಂದು ದುಬೈ ಹೋಟೆಲೊಂದರಲ್ಲಿ ತೀರಿಕೊಂಡಿದ್ದರು.

ಮೊದಲ ದಿನ ಎಲ್ಲ ಚಾನೆಲ್ಲಿಗೂ ಅದು ಹೃದಯಾಘಾತ. ಸ್ಟುಡಿಯೋಗೆ ಹೃದಯದ ಡಾಕ್ಟರು ಬಂದರು, ಡಯಟ್ಟು ಬಂತು, ಪ್ಲಾಸ್ಟಿಕ್ ಸರ್ಜರಿ ಬಂತು. ಸೋಮವಾರ ದುಬೈ ಸರ್ಕಾರದ ಮಾಧ್ಯಮ ಕಚೇರಿ ಒಂದು ಟ್ವೀಟ್ ಹಾಕಿತು: ಪ್ರಜ್ಞೆ ತಪ್ಪಿ ಬಾತ್‌ಟಬ್ಬಿನಲ್ಲಿ ಮುಳುಗಿ ಸಾವು. ಆಂಕರುಗಳ ಗಂಟಲಿನಲ್ಲಿ ಒಂದು ಚೂರು ನಾಚಿಕೆ ಕಾಣಲಿಲ್ಲ. ನಿನ್ನೆಯ ಹೃದಯವನ್ನು ಕೂಗಿದ ಅದೇ ದನಿಯಲ್ಲಿ ಇವತ್ತು ಟಬ್ಬನ್ನು ಕೂಗಿದರು.

ಈಗ ಚಾನೆಲ್ಲುಗಳಿಗೆ ಅಂಕ ಹಾಕೋಣ. ಹಿಂದಿಯವರು ‘ಸಾವಿನ ಬಾತ್‌ಟಬ್’ ಎಂದು ಹೆಸರಿಟ್ಟರು. ಅಲ್ಲಿಗೆ ದೆವ್ವದ ಸಿನಿಮಾಕ್ಕೆ ಶೀರ್ಷಿಕೆ ಸಿಕ್ಕಿತು. ಇಂಗ್ಲಿಷಿನವರು ಕಲಿತವರು, ಕೂಗಲಿಲ್ಲ, ಚಿತ್ರ ಬರೆದರು: ಗ್ರಾಫಿಕ್ಸ್ ಟಬ್ಬು, ಅದರಲ್ಲೇ ತೇಲುವ ನಟಿ. ಆದರೆ ಬಂಗಾರದ ಪದಕ ತೆಲುಗಿನ ಮಹಾ ನ್ಯೂಸ್‌ಗೇ ಸಲ್ಲಬೇಕು. ಅದರ ವರದಿಗಾರ ಸ್ವತಃ ಟಬ್ಬಿನೊಳಗೆ ಮಲಗಿ ವರದಿ ಕೊಟ್ಟ! ಉಳಿದವರು ಊಹೆ ಮಾಡಿದರು, ಇವನೊಬ್ಬ ಮೈಯಿಟ್ಟು ದುಡಿದ.

ನಮ್ಮ ಕನ್ನಡದವರಿಗೆ ಇಷ್ಟು ಕಷ್ಟಪಡುವ ಅಗತ್ಯವೇ ಇರಲಿಲ್ಲ. 1974ರ ‘ಭಕ್ತ ಕುಂಬಾರ’ದಲ್ಲಿ ರಾಜಕುಮಾರ್ ಜೊತೆ ಕಾಣಿಸಿಕೊಂಡ ಪುಟ್ಟ ಹುಡುಗಿ ಈಕೆಯೇ ಎಂದು ಕುಂಬಾರನ ಪಕ್ಕ ಕೂರಿಸಿದ್ದರೆ ಒಂದು ಗಂಟೆ ಚೆನ್ನಾಗಿ ಕಳೆಯುತ್ತಿತ್ತು. ಆದರೆ ಕೆಂಪು ಬಾಣ, ದುಂಡು ಗುರುತು, ‘ಸ್ಫೋಟಕ ಮಾಹಿತಿ’ಗಳ ರೂಢಿ ಬಿಡುತ್ತದೆಯೇ?

ಅತ್ತ ದುಬೈಯವರು ಮಾಡಿದ್ದೇನು? ಪೊಲೀಸರು ಕಡತವನ್ನು ಪಬ್ಲಿಕ್ ಪ್ರಾಸಿಕ್ಯೂಷನ್‌ಗೆ ಒಪ್ಪಿಸಿದರು. ಪ್ರಾಸಿಕ್ಯೂಷನ್ 27ರಂದು ಪಾರ್ಥಿವ ಶರೀರ ಬಿಟ್ಟುಕೊಟ್ಟು, ಪ್ರಕರಣ ಮುಗಿಯಿತು ಎಂದಿತು. ಅವರು ಆಡಿದ ಮಾತೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತಿತ್ತು. ಚಾನೆಲ್ಲುಗಳ ಟಬ್ಬು ಹುಟ್ಟಿದ್ದೇ ಈ ಮಿತಭಾಷೆಯಿಂದ. ನಮ್ಮೂರಲ್ಲಾದರೆ ಠಾಣೆಯ ಬಾಗಿಲಲ್ಲಿ ‘ಬಲ್ಲ ಮೂಲ’ಗಳು ಸಾಲುಗಟ್ಟಿ ನಿಂತಿರುತ್ತವೆ, ಆಸ್ಪತ್ರೆ ಗೇಟಿನಲ್ಲಿ ಕ್ಯಾಮೆರಾ ಇಡಬಹುದು. ದುಬೈಯಲ್ಲಿ ಮೂಲವೂ ಬಾಯಿ ಬಿಡಲಿಲ್ಲ, ಹೋಟೆಲ್ ಕೋಣೆಯೂ ತೆರೆಯಲಿಲ್ಲ. ಆದರೂ ಚಾನೆಲ್ಲಿನ ಇಪ್ಪತ್ನಾಲ್ಕು ಗಂಟೆ ತುಂಬಿಸಲೇಬೇಕು. ಟಬ್ಬಾದರೆ ಪುಕ್ಕಟೆ, ಅದರ ಬಗ್ಗೆ ಏನೆಂದರೂ ಅದು ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ.

ದುಬೈಯವರು ಮುಗಿಸಿದ್ದನ್ನು ನಮ್ಮವರು ಮುಗಿಸಲು ಬಿಡಲಿಲ್ಲ. ರಾಜಕಾರಣಿ ಸುಬ್ರಮಣಿಯನ್ ಸ್ವಾಮಿ ಕೊಲೆಯ ಶಂಕೆ ಎತ್ತಿದರು. ತನಿಖೆ ಕೋರಿದ ಅರ್ಜಿಯೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ ಮೇ ತಿಂಗಳಲ್ಲಿ ವಜಾ ಆಯಿತು.

ಛೀ ಥೂ ಅನ್ನುತ್ತಲೇ ರಿಮೋಟ್ ಬಿಡದ ಕುವೈತ್‌ನ ನಮ್ಮ ಕೋಣೆಯ ಕಥೆಯೂ ಇದೆ. ಊರಿನ ಒಂಬತ್ತು ಗಂಟೆಯ ಬೊಬ್ಬೆ ನಮಗೆ ಆರೂವರೆಗೇ ಬರುತ್ತದೆ, ಚಹಾದ ಹೊತ್ತಿಗೆ ಸರಿಯಾಗಿ. ಕುಂದಾಪುರದ ಅಣ್ಣನೊಬ್ಬರು ಎಲ್ಲ ಭಾಷೆಯ ಟಬ್ಬನ್ನೂ ನೋಡಿ ಮುಗಿಸಿ, "ಟಿಆರ್‌ಪಿಗೋಸ್ಕರ ಎಂಥೆಂಥದ್ ಮಾಡ್ತ್ರ್ ಮರ್ರೆ!" ಎಂದು ಹಣೆ ಚಚ್ಚಿಕೊಂಡರು. ಟಿಆರ್‌ಪಿಯ ಮೀಟರು ಇರುವುದು ಭಾರತದ ಮನೆಗಳಲ್ಲಿ ಮಾತ್ರ, ಕುವೈತ್‌ನಲ್ಲಿ ಕೂತು ನಾವು ಎಷ್ಟು ನೋಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಅಣ್ಣ ಒಂದು ಗಳಿಗೆ ಯೋಚಿಸಿದರು.

"ಹಂಗಾರೆ ನಾವ್ ಕಂಡ್ರೆ ತೊಂದ್ರೆ ಇಲ್ಲ" ಎಂದು ಸಮಾಧಾನದಿಂದ ಮುಂದಿನ ಚಾನೆಲ್ ಒತ್ತಿದರು.