ಕಾವಲಿಗೆ ರಿಯಾಯಿತಿಯಿಲ್ಲ

ಮಾದಾಪುರದ ಸೈಬರ್ ಟವರ್ಸ್ ಸಮೀಪದ ಗಲ್ಲಿಯೊಂದರಲ್ಲಿ, ಕಾಶಿಯಿಂದ ಕಾಕಸಸ್‌ವರೆಗಿನ ಸಕಲ ಕ್ಷೇತ್ರಗಳನ್ನೂ ಮಾಸಿಕ ಕಂತುಗಳಲ್ಲಿ ವಿಕ್ರಯಿಸುತ್ತಿದ್ದ ಪ್ರವಾಸ ಕಚೇರಿಯನ್ನು ಹೊಕ್ಕ ರಾಯಚೂರಿನ ರಾಯರು, ಸುಲಭ ದರದಲ್ಲಿ ಉತ್ತರ ಕೊರಿಯಾವನ್ನು ಸಂದರ್ಶಿಸುವ ಅಪೇಕ್ಷೆಯನ್ನು ನಿವೇದಿಸಿದರು.

“ಅವಶ್ಯವಾಗಿ, ರಾಯರೇ! ಆದರೆ ಸ್ವತಂತ್ರ ಸಂಚಾರ ಅಲ್ಲಿ ನಿಷಿದ್ಧ. ಸಾಮಾನ್ಯವಾಗಿ ಇಬ್ಬರು ಮಾರ್ಗದರ್ಶಕರು ಜೊತೆಗಿರುತ್ತಾರೆ.”

“ಒಬ್ಬರನ್ನು ಬಿಟ್ಟರೆ ದರ ಇಳಿಯದೇ?”

“ಒಬ್ಬರು ನಿಮ್ಮನ್ನು ಕಾಯಲು, ಇನ್ನೊಬ್ಬರು ಅವರನ್ನು ಕಾಯಲು, ಕಾವಲಿಗೆ ರಿಯಾಯಿತಿಯಿಲ್ಲ. ಆದರೂ, ಹೋಟೆಲಿನಿಂದ ಒಂಟಿಯಾಗಿ ಹೊರಬೀಳುವಂತಿಲ್ಲವಾದುದರಿಂದ ಅಮ್ಮನವರ ಸೀರೆಯಂಗಡಿಯ ವೆಚ್ಚ ಸಂಪೂರ್ಣ ಉಳಿತಾಯ.”

ಈವರೆಗೆ ಯಾವ ಭಾಗ್ಯವಿಧಾತನೂ ನೀಡದಿದ್ದ ಈ ಆಶ್ವಾಸನೆಗೆ ರಾಯರು ಪುಳಕಿತರಾದರು.

“ಹೊರಡುವುದೆಂದು?”

“2020ರ ಜನವರಿಯಲ್ಲಿ ಮುಚ್ಚಿದ ಬಾಗಿಲನ್ನು 2024ರಲ್ಲಿ ರಷ್ಯನ್ನರಿಗೆ ತೆರೆದರು, 2025ರ ಫೆಬ್ರವರಿಯಲ್ಲಿ ಇತರರಿಗೆ ರಾಸೋನ್ ಪ್ರದೇಶವನ್ನಷ್ಟೇ ತೋರಿಸಿ, ಕೆಲವೇ ವಾರಗಳಲ್ಲಿ ಮತ್ತೆ ಅಗುಳಿ ಹಾಕಿದರು.”

“ಹಾಗಾದರೆ ಮುಂಗಡ?”

“ಅದನ್ನು ಇಂದೇ ಕೊಡಬಹುದು, ನಮ್ಮ ಬಾಗಿಲು ಸದಾ ತೆರೆದಿರುತ್ತದೆ.”